ಮೇಜಿನಿಂದ ಪರದೆಗೆ: ಒಂದು ಆಟದ ಪಡಿಪಾಟಲು

ಪರದೆಯ ಮುಂದೆ ಗಂಟೆಗಟ್ಟಲೆ ಕುಳಿತು ಆಡುವ ಮಗನನ್ನೋ ಮಗಳನ್ನೋ ಗದರಿಸದ ತಾಯಿತಂದೆಗಳು ಇಂದು ವಿರಳ. ಆ ಆಟವನ್ನು ಕಟ್ಟಿದವರು ಯಾರು, ಕಟ್ಟುವಾಗ ಅವರು ಪಟ್ಟ ಪಾಡೇನು ಎಂದು ವಿಚಾರಿಸಿದವರು ಇನ್ನೂ ವಿರಳ. ಮೂವರು ಗೆಳೆಯರು ಕೂಡಿ ಕಟ್ಟಿದ ಒಂದು ಸಂಸ್ಥೆ ತನ್ನ ಮೂರನೆಯ ಆಟದ ಹೆರಿಗೆಯಲ್ಲಿಯೇ ಪ್ರಾಣಬಿಟ್ಟ ಕಥೆಯಿದು. ಕೂಸೇನೋ ಬದುಕಿತು.

ಮೊದಲು ಮೇಜಿನ ಆಟದ ಮಾತು. ಇದು ಚದುರಂಗವಲ್ಲ, ಪಗಡೆಯೂ ಅಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂಡುತ್ತಾರೆ; ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಅವರಲ್ಲೊಬ್ಬನು ಸೂತ್ರಧಾರ. ಅವನು ಸನ್ನಿವೇಶವನ್ನು ಬಣ್ಣಿಸಿ, “ಈಗ ನೀನೇನು ಮಾಡುವೆ?” ಎಂದು ಕೇಳುತ್ತಾನೆ. ಉತ್ತರ ಆಟಗಾರನ ಬಾಯಿಂದ ಆ ಗಳಿಗೆಯಲ್ಲಿಯೇ ಹುಟ್ಟಬೇಕು. ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ನಿರ್ಣಯಿಸುತ್ತದೆ. ನಮ್ಮ ಕರಾವಳಿಯ ತಾಳಮದ್ದಳೆಯನ್ನು ಕೇಳಿದವರಿಗೆ ಇದರ ಸೊಗಸು ಬೇಗ ಹೊಳೆದೀತು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗ ಎಲ್ಲರಿಗೂ ಗೊತ್ತು, ಅರ್ಥ ಮಾತ್ರ ಅಂದಂದಿಗೇ ಹೊಸದು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದು ಈ ಪರಂಪರೆಗೆ ನಾಂದಿ ಹಾಡಿದರು.

1991ರಲ್ಲಿ ಮಾರ್ಕ್ ರೈನ್-ಹೇಗನ್ ಎಂಬವರು ‘ವ್ಯಾಂಪೈರ್: ದಿ ಮಾಸ್ಕರೇಡ್’ ಎಂಬ ಇಂಥದೇ ಒಂದು ಆಟವನ್ನು ರಚಿಸಿದರು. ವೈಟ್ ವುಲ್ಫ್ ಸಂಸ್ಥೆ ಅದನ್ನು ಪ್ರಕಟಿಸಿತು. ಇಲ್ಲಿ ಆಟಗಾರನೇ ರಕ್ತಪಿಶಾಚಿ! ಇಂದಿನ ನಗರಗಳ ನಡುವೆ, ಮನುಷ್ಯರ ಕಣ್ಣಿಗೆ ಬೀಳದಂತೆ ತಮ್ಮ ನಿಜರೂಪವನ್ನು ಮರೆಸಿಕೊಂಡು ಬಾಳುವ ಪಿಶಾಚಿಗಳ ಕುಲಗಳು, ಅವುಗಳ ಒಳಜಗಳ, ಮನುಷ್ಯತ್ವ ದಿನದಿನಕ್ಕೆ ಕರಗಿಹೋಗುವ ಭಯ ಇವೇ ಅದರ ವಸ್ತು. ಹೊಡೆದಾಟಕ್ಕಿಂತ ಮಾತಿಗೇ ಅಲ್ಲಿ ಬೆಲೆ ಹೆಚ್ಚು.

ಈ ಮಾತೇ ಕಂಪ್ಯೂಟರಿಗೆ ಕಬ್ಬಿಣದ ಕಡಲೆ. ಸೂತ್ರಧಾರ ಮನುಷ್ಯನಾದರೆ ಆಟಗಾರನು ಬಾಗಿಲು ಬಿಟ್ಟು ಕಿಟಕಿಯಿಂದ ಹಾರಿದರೂ ಅವನು ಕಥೆಯನ್ನು ಅತ್ತ ತಿರುಗಿಸಿಯಾನು. ಯಂತ್ರಕ್ಕೆ ಆ ಸಮಯಸ್ಫೂರ್ತಿ ಎಲ್ಲಿಂದ ಬರಬೇಕು? ಕಿಟಕಿ, ಅದರಾಚೆಯ ಬೀದಿ, ಬೀದಿಯಲ್ಲಿ ನಿಂತವನ ಮುಖ, ಅವನು ಆಡಬಹುದಾದ ಹತ್ತು ಬಗೆಯ ಮಾತು ಎಲ್ಲವನ್ನೂ ಯಾರೋ ಮೊದಲೇ ಬರೆದು, ಚಿತ್ರಿಸಿ, ದನಿ ಕೊಡಿಸಿ ಇಟ್ಟಿರಬೇಕು. ಇದಕ್ಕೆ ಹಣ ಬೇಕು, ಕಾಲ ಬೇಕು. ಹಣ ಕೊಡುವವನ ತಾಳ್ಮೆಯೂ ಬೇಕು.

ಟಿಮ್ ಕೇನ್, ಲಿಯೊನಾರ್ಡ್ ಬೊಯಾರ್ಸ್ಕಿ, ಜೇಸನ್ ಆಂಡರ್ಸನ್ ಎಂಬ ಮೂವರಿಗೆ ಇದರ ಕಷ್ಟ ಗೊತ್ತಿತ್ತು. ಇಂಟರ್‌ಪ್ಲೇ ಸಂಸ್ಥೆಯಲ್ಲಿದ್ದಾಗ ಅವರು ‘ಫಾಲ್‌ಔಟ್’ ಎಂಬ ಆಟವನ್ನು ಕಟ್ಟುತ್ತಿದ್ದರು. ಅದಕ್ಕೆ ಸ್ಟೀವ್ ಜ್ಯಾಕ್ಸನ್ ಎಂಬವರ ‘ಗರ್ಪ್ಸ್’ ಎಂಬ ಮೇಜಿನ ಆಟದ ನಿಯಮಾವಳಿಯೇ ಆಧಾರವಾಗಬೇಕಿತ್ತು. ಕೆಲಸ ಬಹುಪಾಲು ಸಾಗಿದ್ದಾಗ, 1997ರ ಆರಂಭದಲ್ಲಿ ಆ ಒಪ್ಪಂದ ಮುರಿದುಬಿತ್ತು. ಆಟದಲ್ಲಿದ್ದ ಹಿಂಸೆಯ ದೃಶ್ಯಗಳು ಜ್ಯಾಕ್ಸನ್ನರಿಗೆ ಹಿಡಿಸಿರಲಿಲ್ಲ. ಕಟ್ಟಡ ಮೇಲೆದ್ದ ಬಳಿಕ ತಳಪಾಯವನ್ನು ಬದಲಿಸುವ ಪ್ರಸಂಗವದು. ಕೇನ್ ಮತ್ತು ಸಂಗಡಿಗರು ಹೊಸ ನಿಯಮಗಳನ್ನು ತಾವೇ ಹೆಣೆದು ಅದೇ ವರ್ಷ ಆಟವನ್ನು ಹೊರತಂದು ಗೆದ್ದರು.

1998ರಲ್ಲಿ ಮೂವರೂ ಹೊರಬಂದು ಕ್ಯಾಲಿಫೋರ್ನಿಯದಲ್ಲಿ ‘ಟ್ರಾಯ್ಕ’ ಎಂಬ ಸ್ವಂತ ಸಂಸ್ಥೆಯನ್ನು ತೆರೆದರು. ‘ಟ್ರಾಯ್ಕ’ವೆಂದರೆ ರಷ್ಯನ್ ಭಾಷೆಯಲ್ಲಿ ಮೂರರ ಗುಂಪು, ಮೂರು ಕುದುರೆಗಳ ಬಂಡಿ. ಹೆಸರು ಅರ್ಥವತ್ತಾಗಿಯೇ ಇತ್ತು. 2001ರಲ್ಲಿ ‘ಆರ್ಕೇನಮ್’ ಬಂದಿತು. 2003ರಲ್ಲಿ ಗೈಗ್ಯಾಕ್ಸರ ಹಳೆಯ ಸಾಹಸಕಥೆಯೊಂದನ್ನು ಆಧರಿಸಿದ ‘ದಿ ಟೆಂಪಲ್ ಆಫ್ ಎಲಿಮೆಂಟಲ್ ಈವಿಲ್’ ಬಂದಿತು. ಎರಡರಲ್ಲಿಯೂ ಕಲ್ಪನೆ ಹೇರಳ, ದೋಷಗಳೂ ಹೇರಳ.

ಈ ನಡುವೆ, 2001ರ ಕೊನೆಯ ಹೊತ್ತಿಗೆ, ಆಕ್ಟಿವಿಷನ್ ಎಂಬ ಪ್ರಕಾಶನ ಸಂಸ್ಥೆಗಾಗಿ ರಕ್ತಪಿಶಾಚಿಗಳ ಆಟದ ಕೆಲಸ ಶುರುವಾಗಿತ್ತು. ‘ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್’ ಎಂದು ಹೆಸರು. ಕಥೆ ನಡೆಯುವುದು ಲಾಸ್ ಏಂಜಲೀಸಿನ ಇರುಳುಗಳಲ್ಲಿ. ಆಟಗಾರನು ಏಳು ಕುಲಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ತೊಡಕಿದ್ದುದೇ ಇಲ್ಲಿ. ನಾಸ್ಫೆರಾಟು ಕುಲದವನು ವಿಕಾರರೂಪಿ. ಬೀದಿಯಲ್ಲಿ ಮುಖ ತೋರಿಸುವಂತಿಲ್ಲ, ಚರಂಡಿಗಳೊಳಗೆ ನುಸುಳಿ ಸಾಗಬೇಕು. ಅವನಿಗಾಗಿ ನಗರದ ಅಡಿಯಲ್ಲಿ ಬೇರೆ ದಾರಿಗಳು ಬೇಕಾದವು. ಮಾಲ್ಕೇವಿಯನ್ ಕುಲದವನು ಮತಿಭ್ರಾಂತ. ಅವನು ಆಡುವ ಪ್ರತಿಯೊಂದು ಮಾತನ್ನೂ ಒಗಟಿನಂತೆ ಬೇರೆಯಾಗಿಯೇ ಬರೆಯಬೇಕು. ಮೇಜಿನ ಬಳಿ ಒಬ್ಬ ಚತುರ ಗೆಳೆಯ ನಗುನಗುತ್ತ ನಿಭಾಯಿಸುವುದನ್ನು ಇಲ್ಲಿ ತಿಂಗಳುಗಟ್ಟಲೆ ಕುಳಿತು ಬರೆಯಬೇಕಾಯಿತು. ಬ್ರಯನ್ ಮಿಟ್ಸೋಡ ಎಂಬ ತರುಣ ಲೇಖಕನ ಸಂಭಾಷಣೆಗಳು ಇಂದಿಗೂ ಮೆಚ್ಚುಗೆ ಪಡೆದಿವೆ. ಮನೆಮಂದಿಯೆಲ್ಲ ಕೂಡಿ ನೋಡುವಂಥ ಆಟವೇನೂ ಇದಲ್ಲವೆಂದು ಹೇಳಿಬಿಡುವುದು ಒಳ್ಳೆಯದು. ದೊಡ್ಡವರಿಗಾಗಿ ರಚಿತವಾದುದು ಅದು.

ಇನ್ನೊಂದು ತೊಡಕು ಎಂಜಿನ್ನಿನದು. ವಿಡಿಯೋ ಆಟದಲ್ಲಿ ಎಂಜಿನ್ ಎಂದರೆ ಬೆಳಕು, ನೆರಳು, ಚಲನೆ ಎಲ್ಲವನ್ನೂ ಪರದೆಯ ಮೇಲೆ ನಡೆಸುವ ಮೂಲ ಕ್ರಮವಿಧಿ. ಟ್ರಾಯ್ಕದವರು ವಾಲ್ವ್ ಸಂಸ್ಥೆಯ ‘ಸೋರ್ಸ್’ ಎಂಬ ಎಂಜಿನ್ನನ್ನು ಆರಿಸಿಕೊಂಡರು. ಅದು ಅತ್ಯಾಧುನಿಕ, ಆದರೆ ಇನ್ನೂ ಪೂರ್ತಿಯಾಗಿರಲಿಲ್ಲ. ಒಲೆಯ ಮೇಲಿದ್ದ ಅಡಿಗೆಯನ್ನು ನೆಚ್ಚಿ ಎಲೆ ಹಾಕಿದಂತೆ. ಮೇಲಾಗಿ ಒಪ್ಪಂದದಲ್ಲೊಂದು ಕರಾರು: ವಾಲ್ವ್‌ನವರ ಸ್ವಂತ ಆಟ ‘ಹಾಫ್-ಲೈಫ್ 2’ ಬರುವ ಮೊದಲು ಇದು ಮಾರುಕಟ್ಟೆಗೆ ಬರಕೂಡದು. ಆ ಆಟವೋ 2003ರ ಸೆಪ್ಟೆಂಬರ್ 30ಕ್ಕೆ ಬರಬೇಕಾಗಿದ್ದುದು ಬರಲಿಲ್ಲ. ಅದರ ಬೆನ್ನಲ್ಲೇ ಅದರ ಕ್ರಮವಿಧಿಯನ್ನು ಯಾರೋ ಕದ್ದು ಬಯಲಿಗೆ ಹಾಕಿದರು. ವರ್ಷವೇ ಕಳೆಯಿತು. ಇತ್ತ ಟ್ರಾಯ್ಕದ 30ರ ಆಸುಪಾಸಿನ ಮಂದಿ ಹಗಲಿರುಳು ದುಡಿಯುತ್ತಿದ್ದರು. ಪ್ರಕಾಶಕರ ಸಹನೆ ತೀರುತ್ತಿತ್ತು.

ಕೊನೆಗೆ 2004ರ ನವೆಂಬರ್ 16ರಂದು ಆಟ ಹೊರಬಂದಿತು. ‘ಹಾಫ್-ಲೈಫ್ 2’ ಬಂದದ್ದೂ ಅಂದೇ! ಜಗತ್ತೇ ಕಾದಿದ್ದ ಆಟದೊಡನೆ ಅದೇ ದಿನ, ಅದೇ ಎಂಜಿನ್ನಿನ ಹಳೆಯ ರೂಪವೊಂದನ್ನು ಹೊತ್ತು ಕಣಕ್ಕಿಳಿಯುವುದೆಂದರೆ ದೊಡ್ಡ ತೇರಿನ ಬೀದಿಯಲ್ಲಿ ಕೈಗಾಡಿ ತಳ್ಳಿದಂತೆ. ವಾರದ ಹಿಂದೆ ‘ಹೇಲೋ 2’ ಬಂದಿತ್ತು. ವಾರದ ಬಳಿಕ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಂದಿತು. ಸಾಲದುದಕ್ಕೆ ದೋಷಗಳು. ಕಥೆಯ ಉತ್ತರಾರ್ಧದಲ್ಲಿ ದೋಣಿಯೇರಿ ಪಾರಾಗುವ ಒಂದು ಸ್ಥಳದಲ್ಲಿ ಆಟವೇ ಕುಸಿದು ನಿಲ್ಲುತ್ತಿತ್ತು. ಮೊದಲ ಸುತ್ತಿನಲ್ಲಿ ಮಾರಾಟವಾದದ್ದು ಸುಮಾರು 72,000 ಪ್ರತಿ. ಮುಂದಿನ ಆಟಕ್ಕೆ ಹಣ ಕೊಡುವವರಾರೂ ಸಿಗಲಿಲ್ಲ. ವರ್ಷ ಮುಗಿಯುವ ಹೊತ್ತಿಗೆ ಬಹುಪಾಲು ನೌಕರರು ಕೆಲಸ ಕಳೆದುಕೊಂಡಿದ್ದರು. 2005ರ ಫೆಬ್ರವರಿಯಲ್ಲಿ ಟ್ರಾಯ್ಕಕ್ಕೆ ಬೀಗ ಬಿದ್ದಿತು.

ತಪ್ಪು ಯಾರದು? ಪ್ರಕಾಶಕರನ್ನು ದೂರುವುದು ಸುಲಭ. ಆದರೆ ಮೂರು ಆಟಗಳಲ್ಲಿ ಮೂರೂ ಅರೆಬೆಂದು ಹೊರಬಂದರೆ ಅಡಿಗೆಯವರ ಹಸ್ತಗುಣವನ್ನೂ ಕೇಳಬೇಕಾಗುತ್ತದೆ. ತಮ್ಮ ಶಕ್ತಿಗೆ ಮೀರಿದ ಹೊರೆಯನ್ನು ಅವರು ಪ್ರತಿಸಲವೂ ತಾವಾಗಿಯೇ ಹೊತ್ತರೆಂದು ನನಗೆ ತೋರುತ್ತದೆ. ಆ ಹೊರೆಯನ್ನು ಹೊರದಿದ್ದರೆ ಇಷ್ಟು ಸ್ವಾರಸ್ಯದ ಆಟ ಹುಟ್ಟುತ್ತಿತ್ತೇ ಎಂಬುದೂ ಪ್ರಶ್ನೆಯೇ.

ವಿಚಿತ್ರವೆಂದರೆ ಮುಂದಿನದು. ಸಂಸ್ಥೆ ಸತ್ತ ಮೇಲೆ ಆಟವನ್ನು ರಿಪೇರಿ ಮಾಡಲು ನಿಂತವನು ಜರ್ಮನಿಯ ಒಬ್ಬ ರಸಾಯನ ವಿಜ್ಞಾನಿ. ಸಂಬಳವಿಲ್ಲ, ಅಧಿಕಾರವಿಲ್ಲ; ಬಿಡುವಿನ ವೇಳೆಯಲ್ಲಿ ಒಂದೊಂದೇ ದೋಷವನ್ನು ಹುಡುಕಿ ತೇಪೆ ಹಾಕಿದ. ಆಟದೊಳಗೆ ಹುದುಗಿದ್ದ, ಮುಗಿಸದೆ ಬಿಟ್ಟಿದ್ದ ಭಾಗಗಳನ್ನೂ ಹೆಕ್ಕಿ ತೆಗೆದು ಜೋಡಿಸಿದ. ಸೋತ ಆಟ ಮೆಲ್ಲಮೆಲ್ಲನೆ ಆರಾಧಕರನ್ನು ಗಳಿಸಿತು.

ಮೂಲ ಆಟದ ಒಡೆಯರ ಕಥೆಯೂ ಸುಖಕರವಲ್ಲ. 2006ರಲ್ಲಿ ವೈಟ್ ವುಲ್ಫ್ ಐಸ್‌ಲೆಂಡಿನ ಸಿಸಿಪಿ ಸಂಸ್ಥೆಯೊಡನೆ ಸೇರಿತು. ಸಹಸ್ರಾರು ಜನ ಏಕಕಾಲದಲ್ಲಿ ಆಡಬಹುದಾದ ಪಿಶಾಚಿಗಳ ಆಟವೊಂದನ್ನು ಅವರು ವರ್ಷಗಟ್ಟಲೆ ಕಟ್ಟಿ, 2014ರ ಏಪ್ರಿಲ್‌ನಲ್ಲಿ ಕೈಬಿಟ್ಟರು. ಅಟ್ಲಾಂಟದಲ್ಲಿ 56 ಮಂದಿಯ ಕೆಲಸ ಹೋಯಿತು. ಮರುವರ್ಷ ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ ಹಕ್ಕುಗಳನ್ನು ಕೊಂಡಿತು.

ಹೊಸ ಒಡೆಯರು 2019ರ ಮಾರ್ಚ್‌ನಲ್ಲಿ ‘ಬ್ಲಡ್‌ಲೈನ್ಸ್ 2’ ಬರಲಿದೆಯೆಂದು ಡಂಗುರ ಹೊಡೆಸಿದರು. ಸಿಯಾಟಲಿನ ಹಾರ್ಡ್‌ಸೂಟ್ ಲ್ಯಾಬ್ಸ್ ಅದನ್ನು ಕಟ್ಟಬೇಕು. ಬರೆಯುವವನು ಅದೇ ಮಿಟ್ಸೋಡ. ಅಭಿಮಾನಿಗಳಿಗೆ ಹಬ್ಬವೋ ಹಬ್ಬ! 2020ರ ಆರಂಭಕ್ಕೆ ಬರಬೇಕಾದ ಆಟ ಮುಂದಕ್ಕೆ ಹೋಯಿತು. ಆ ವರ್ಷದ ಜುಲೈಯಲ್ಲಿ ಮಿಟ್ಸೋಡನನ್ನು ಕೆಲಸದಿಂದ ತೆಗೆದರು. 2021ರ ಫೆಬ್ರವರಿಯಲ್ಲಿ ಹಾರ್ಡ್‌ಸೂಟ್ ಸಂಸ್ಥೆಯನ್ನೇ ಬಿಡಿಸಿದರು. ಎರಡೂವರೆ ವರ್ಷ ಮೌನ. 2023ರ ಸೆಪ್ಟೆಂಬರಿನಲ್ಲಿ, ಕೆಲಸವೀಗ ಇಂಗ್ಲೆಂಡಿನ ಬ್ರೈಟನ್ ನಗರದ ‘ದಿ ಚೈನೀಸ್ ರೂಮ್’ ಸಂಸ್ಥೆಯ ಕೈಯಲ್ಲಿದೆಯೆಂದು ಸುದ್ದಿ ಬಂದಿತು. ಮತ್ತೆರಡು ಮುಂದೂಡಿಕೆ. ಬಿಡುಗಡೆಯ ಹೊಸ್ತಿಲಲ್ಲಿ, ಎರಡು ಕುಲಗಳನ್ನು ಬೇಕಾದವರು ಬೇರೆ ಹಣ ಕೊಟ್ಟು ಕೊಳ್ಳಬೇಕೆಂದು ಸಾರಿದ್ದಕ್ಕೆ ಗದ್ದಲವೆದ್ದು, ಅವನ್ನು ಆಟದೊಳಗೇ ಸೇರಿಸಬೇಕಾಯಿತು. 2025ರ ಅಕ್ಟೋಬರ್ 21ರಂದು ಅಂತೂ ಆಟ ಹೊರಬಂದಿತು.

ಕೆಲಸ ಕೈಗೆ ಬಂದಾಗ ಆ ಬ್ರಿಟಿಷ್ ಸಂಸ್ಥೆಯ ಮುಖ್ಯಸ್ಥರಾಗಿದ್ದ, 2023ರಲ್ಲಿ ಅದನ್ನು ಬಿಟ್ಟುಹೋದ ಡ್ಯಾನ್ ಪಿಂಚ್‌ಬೆಕ್ ಬಳಿಕ ಒಂದು ಮಾತು ಹೇಳಿದರು. ಈ ಆಟಕ್ಕೆ ‘ಬ್ಲಡ್‌ಲೈನ್ಸ್ 2’ ಎಂಬ ಹೆಸರು ಬೇಡವೆಂದು ಒಡೆಯರನ್ನು ಒಪ್ಪಿಸುವುದು ಹೇಗೆಂದು ತಮ್ಮವರು ಕುಳಿತು ಯೋಚಿಸುತ್ತಿದ್ದರಂತೆ. ಅಷ್ಟು ಹಣದಲ್ಲಿ, ಅಷ್ಟು ಕಾಲದಲ್ಲಿ ಹಳೆಯದರ ತಮ್ಮನೆನ್ನಿಸುವಂಥ ಆಟವನ್ನು ಕಟ್ಟಲಾಗದೆಂಬುದು ಅವರಿಗೆ ಗೊತ್ತಿತ್ತು. ಹೆಸರು ಉಳಿಯಿತು. ಕೊಂಡವರು ಹೆಸರನ್ನು ನೋಡಿ ಕೊಂಡು, ಒಳಗೆ ಬೇರೊಂದನ್ನು ಕಂಡು ಗೊಣಗಿದರು. ಬಿಡುಗಡೆಯಾದ ಮರುತಿಂಗಳೇ ಪ್ಯಾರಡಾಕ್ಸ್ ತನ್ನ ಲೆಕ್ಕಪುಸ್ತಕದಲ್ಲಿ ಈ ಆಟದ ಬಾಬಿನಲ್ಲಿ 355 ಮಿಲಿಯನ್ ಸ್ವೀಡಿಷ್ ಕ್ರೋನ ನಷ್ಟ ಬರೆದುಕೊಂಡಿತು.

ಜರ್ಮನಿಯ ರಸಾಯನ ವಿಜ್ಞಾನಿಯ ತೇಪೆಗಳು ಮಾತ್ರ ಹಳೆಯ ಆಟಕ್ಕೆ ಇಪ್ಪತ್ತು ವರ್ಷ ದಾಟಿದ ಮೇಲೂ ಬರುತ್ತಲೇ ಇದ್ದವು.