ಒಂದು ನಿಮಿಷ ಕಿವಿಗೊಟ್ಟರೆ...

1821ರಲ್ಲಿ ಪ್ಯಾರಿಸ್‌ನ ವೈದ್ಯ ಕೆರ್ಗರಾಡೆಕ್ ಬಸುರಿಯೊಬ್ಬಳ ಹೊಟ್ಟೆಗೆ ಸ್ಟೆತೊಸ್ಕೋಪ್ ಇಟ್ಟರು. ಅವರು ಕೇಳಹೊರಟಿದ್ದು ಮಗುವಿನ ಎದೆಬಡಿತವನ್ನಲ್ಲ. ಮಗು ಹೊರಳಿದಾಗ ಗರ್ಭದೊಳಗಿನ ನೀರು ಸದ್ದು ಮಾಡುತ್ತದೆಯೇ ಎಂದು ನೋಡುವ ಕುತೂಹಲ ಅವರದು. ನೀರಿನ ಸದ್ದು ಸಿಗಲಿಲ್ಲ. ಸಿಕ್ಕಿದ್ದು, ತಾಯಿಯ ನಾಡಿಗೆ ತಾಳೆಯಾಗದಷ್ಟು ವೇಗದ ಬೇರೊಂದು ಬಡಿತ. ಅದಕ್ಕೂ ಮೂರು ವರ್ಷ ಮೊದಲು ಜಿನೀವಾದ ಶಸ್ತ್ರವೈದ್ಯ ಮೇಯರ್ ಬರಿಗಿವಿಯಿಂದಲೇ ಅದನ್ನು ಕೇಳಿದ್ದುಂಟು. ಆದರೆ ಬಡಿತದಲ್ಲಾಗುವ ಏರುಪೇರಿನಿಂದ ಮಗುವಿನ ಯೋಗಕ್ಷೇಮ ತಿಳಿಯಬಹುದೇ ಎಂದು ಕೇಳಿದವರು ಕೆರ್ಗರಾಡೆಕ್. ಇನ್ನೂರು ವರ್ಷ ಕಳೆದರೂ ಪ್ರಸೂತಿಶಾಸ್ತ್ರ ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಇದೆ.

1895ರಲ್ಲಿ ಫ್ರಾನ್ಸಿನ ಅಡಾಲ್ಫ್ ಪಿನಾರ್ ಮರದ ಪುಟ್ಟ ಕೊಳವೆಯೊಂದನ್ನು ಬಳಕೆಗೆ ತಂದರು. ನಮ್ಮ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲಿ ನರ್ಸ್‌ಗಳು ಬಳಸುತ್ತ ಬಂದ ಲೋಹದ ಫೀಟೋಸ್ಕೋಪ್ ಅದರದೇ ವಂಶದ್ದು. ಅಗಲವಾದ ಬಾಯಿ ಹೊಟ್ಟೆಗೆ, ಇನ್ನೊಂದು ತುದಿ ಕಿವಿಗೆ. ವಿದ್ಯುತ್ತೂ ಬೇಡ, ಬ್ಯಾಟರಿಯೂ ಬೇಡ. ಹಾಗೆಂದು ಕೆಲಸ ಸುಲಭದ್ದಲ್ಲ. ಮೊದಲು ಹೊಟ್ಟೆಯನ್ನು ಕೈಯಿಂದ ಮುಟ್ಟಿ ಮಗುವಿನ ಬೆನ್ನು ಯಾವ ಕಡೆಗಿದೆ ಎಂದು ಗುರುತಿಸಬೇಕು. ಸದ್ದು ಚೆನ್ನಾಗಿ ಕೇಳುವುದು ಅಲ್ಲೇ. ತಲೆ ಕೆಳಗಿದ್ದರೆ ಹೊಕ್ಕುಳಿನ ಕೆಳಗೆ, ಕುಂಡೆ ಕೆಳಗಿದ್ದರೆ ಹೊಕ್ಕುಳಿನ ಮೇಲ್ಭಾಗದಲ್ಲಿ. ಕೇಳುತ್ತಿರುವಾಗಲೇ ತಾಯಿಯ ಮಣಿಕಟ್ಟಿನ ನಾಡಿಯನ್ನೂ ಹಿಡಿದಿರಬೇಕು, ಇಲ್ಲದಿದ್ದರೆ ತಾಯಿಯ ಬಡಿತವನ್ನೇ ಮಗುವಿನದೆಂದು ಬರೆದುಬಿಡುವ ಅಪಾಯವಿದೆ. ದಿಂಬಿನಡಿ ಇಟ್ಟ ಕೈಗಡಿಯಾರದ ಟಿಕ್‌ಟಿಕ್‌ನಂತೆ ಕೇಳುತ್ತದೆ ಎಂದು ನರ್ಸಿಂಗ್ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾರೆ. ನಿಮಿಷಕ್ಕೆ 110ರಿಂದ 160ರ ನಡುವೆ ಇದ್ದರೆ ಸರಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅವಸರ ಇಲ್ಲಿ ನಡೆಯದು, ಪೂರ್ತಿ ಒಂದು ನಿಮಿಷ ಎಣಿಸಬೇಕು.

ಆ ಒಂದು ನಿಮಿಷಕ್ಕೆ ಬೆಲೆ ಬರುವುದು ಹೆರಿಗೆ ನೋವಿನ ಹೊತ್ತಿನಲ್ಲಿ. ನೋವು ಬಂದಾಗಲೆಲ್ಲ ಗರ್ಭಕೋಶ ಬಿಗಿಯುತ್ತದೆ, ಮಾಸಿನ ಮೂಲಕ ಮಗುವಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ತಗ್ಗುತ್ತದೆ. ಗಟ್ಟಿಯಾಗಿರುವ ಮಗು ಇದನ್ನು ತಡೆದುಕೊಳ್ಳುತ್ತದೆ. ಆಮ್ಲಜನಕ ಸಾಲದೆ ಬಳಲಿದ ಮಗುವಿನ ಎದೆಬಡಿತ ಮಾತ್ರ ನೋವು ಇಳಿದ ಮೇಲೂ ಕೆಳಗೇ ಉಳಿದು, ತಡವಾಗಿ ಮೇಲೇರುತ್ತದೆ. ಅದಕ್ಕೇ ನೋವು ಇಳಿಯುತ್ತಿದ್ದಂತೆಯೇ ಕಿವಿಗೊಡಬೇಕು. ನೋವು ಜೋರಾದ ಮೇಲೆ ಅರ್ಧ ಗಂಟೆಗೊಮ್ಮೆಯಾದರೂ, ತಾಯಿ ಮುಕ್ಕುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ ಕೇಳಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇಷ್ಟೊಂದು ಗಮನ ಮನುಷ್ಯರಿಂದ ಆಗದು, ಯಂತ್ರವೇ ಬರಲಿ ಎಂದುಕೊಂಡದ್ದರಲ್ಲಿ ತಪ್ಪೇನಿಲ್ಲ. ಅಮೆರಿಕದ ಎಡ್ವರ್ಡ್ ಹಾನ್, ಉರುಗ್ವೆಯ ಕಾಲ್ದೆಯ್ರೊ ಬಾರ್ಸಿಯಾ, ಜರ್ಮನಿಯ ಹಮ್ಮಾಖರ್ 1950-60ರ ದಶಕಗಳಲ್ಲಿ ಇದಕ್ಕೆ ದುಡಿದರು. 1968ರ ಹೊತ್ತಿಗೆ ಯಂತ್ರ ಮಾರುಕಟ್ಟೆಗೂ ಬಂತು. ಇದೇ ಇಂದಿನ ಸಿಟಿಜಿ. ಹೊಟ್ಟೆಗೆ ಎರಡು ಪಟ್ಟಿ ಕಟ್ಟಿದರೆ ಒಂದು ಎದೆಬಡಿತವನ್ನೂ ಇನ್ನೊಂದು ಗರ್ಭಕೋಶದ ಬಿಗಿತವನ್ನೂ ಹಿಡಿದು ಕಾಗದದ ಮೇಲೆ ಗೆರೆ ಎಳೆಯುತ್ತವೆ. ಹೆರಿಗೆಯಲ್ಲಿ ಉಸಿರುಗಟ್ಟಿ ಮಕ್ಕಳ ಮೆದುಳಿಗೆ ಪೆಟ್ಟಾಗುವುದು ಇನ್ನು ನಿಂತೇಹೋಗುತ್ತದೆ ಎಂದು ಎಲ್ಲರೂ ನಂಬಿದರು.

ಆ ನಂಬಿಕೆ ಒರೆಗಲ್ಲಿಗೆ ಬಿದ್ದದ್ದು ಡಬ್ಲಿನ್‌ನಲ್ಲಿ. ಸುಮಾರು 13 ಸಾವಿರ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸದಾ ಯಂತ್ರ, ಇನ್ನೊಂದಕ್ಕೆ ಆಗಾಗ ಕಿವಿಗೊಡುವ ಹಳೆಯ ಕ್ರಮ ಅನುಸರಿಸಿದ ಅಧ್ಯಯನದ ಫಲಿತಾಂಶ 1985ರಲ್ಲಿ ಹೊರಬಂತು. ಯಂತ್ರದ ಗುಂಪಿನಲ್ಲಿ ನವಜಾತ ಶಿಶುಗಳ ಫಿಟ್ಸ್ ಅರ್ಧಕ್ಕೆ ಇಳಿದಿತ್ತು. ಅದು ಸಣ್ಣ ಲಾಭವಲ್ಲ. ಆದರೆ ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸವಿರಲಿಲ್ಲ. ಮಕ್ಕಳು ನಾಲ್ಕು ವರ್ಷದವರಾದಾಗ ನೋಡಿದರೆ ಮೆದುಳಿನ ತೊಂದರೆಯಾದ ಸೆರೆಬ್ರಲ್ ಪಾಲ್ಸಿಯೂ ಕಡಿಮೆಯಾಗಿರಲಿಲ್ಲ. ಆ ತೊಂದರೆಯ ಬೇರು ಬಹುಪಾಲು ಮಕ್ಕಳಲ್ಲಿ ನೋವು ಶುರುವಾಗುವ ಮೊದಲೇ ಇರುತ್ತದೆ. ನಂತರ ಎಲ್ಲ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಯಂತ್ರ ಕಟ್ಟಿಸಿಕೊಂಡವರಲ್ಲಿ ಸಿಸೇರಿಯನ್ ಹೆಚ್ಚಾಗಿದ್ದೂ ಕಂಡಿತು. ಗೆರೆ ಸೊಟ್ಟಗಿದೆ ಎಂದು ಕಂಡಮೇಲೆ ಸುಮ್ಮನಿರುವ ಧೈರ್ಯ ಯಾವ ವೈದ್ಯರಿಗೂ ಬಾರದು. ನಾಳೆ ಕೋರ್ಟಿನಲ್ಲಿ ಆ ಕಾಗದವೇ ಸಾಕ್ಷಿಯಾಗಬಹುದು ನೋಡಿ.

ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಶೇ 23.6 ಇದ್ದದ್ದು 2019-21ರ ಹೊತ್ತಿಗೆ ಶೇ 31.5 ಆಗಿದೆ. ಇದನ್ನೆಲ್ಲ ಯಂತ್ರದ ತಲೆಗೆ ಕಟ್ಟಲಾಗದು, ಕಾರಣಗಳು ಹಲವು. ಆದರೂ ಆರೋಗ್ಯವಂತ ತಾಯಿಗೆ ಹೆರಿಗೆಯುದ್ದಕ್ಕೂ ಸಿಟಿಜಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದನ್ನು ನಾವು ಗಂಭೀರವಾಗಿ ತೆಗೆದುಕೊಂಡಂತಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ಮಗುವಿನ ಬೆಳವಣಿಗೆ ಕುಂಠಿತವಾಗಿರುವುದು, ಇಂಥ ಅಪಾಯವಿದ್ದವರ ಮಾತು ಬೇರೆ. ಅವರಿಗೆ ಎನ್‌ಎಸ್‌ಟಿ ಎಂಬ ಪರೀಕ್ಷೆಯೂ ಬೇಕು, ಹೊಕ್ಕುಳಬಳ್ಳಿಯ ರಕ್ತ ಹರಿವು ನೋಡುವ ಡಾಪ್ಲರ್ ಸ್ಕ್ಯಾನೂ ಬೇಕು. ಈ ಸ್ಕ್ಯಾನ್ ಅಂಥ ಬಸುರಿಗಳಲ್ಲಿ ಶಿಶುಗಳ ಜೀವ ಉಳಿಸಿದ್ದಕ್ಕೆ ಆಧಾರವಿದೆ. ಎನ್‌ಎಸ್‌ಟಿಯಲ್ಲಿ ಮಗು ಮಿಸುಕಿದಾಗ ಬಡಿತ ಏರುತ್ತದೆಯೇ ಎಂದು ನೋಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಏರದಿದ್ದರೆ ಮನೆಮಂದಿ ಗಾಬರಿಯಾಗುತ್ತಾರೆ. ಎಷ್ಟೋ ಸಲ ಮಗು ಸುಮ್ಮನೆ ನಿದ್ದೆ ಮಾಡುತ್ತಿರುತ್ತದೆ, ಇನ್ನಿಪ್ಪತ್ತು ನಿಮಿಷ ಕಾದರೆ ಎದ್ದು ಒದೆಯುತ್ತದೆ.

ಈಗ ಆನ್‌ಲೈನ್‌ನಲ್ಲಿ ಸಿಗುವ, ಮನೆಯಲ್ಲೇ ಮಗುವಿನ ಎದೆಬಡಿತ ಕೇಳಿಸುವ ಕೈ ಡಾಪ್ಲರ್ ವಿಷಯಕ್ಕೆ ಬರೋಣ. ಸೀಮಂತದ ಉಡುಗೊರೆಯಾಗಿ ಕೊಡುವವರೂ ಇದ್ದಾರೆ. ನನ್ನ ಮಟ್ಟಿಗೆ ಇದು ದುಡ್ಡು ಕೊಟ್ಟು ತಂದುಕೊಳ್ಳುವ ಅಪಾಯ. ಅನುಭವವಿಲ್ಲದ ಕಿವಿಗೆ ಮಾಸಿನ ರಕ್ತದ ಸದ್ದೂ, ತಾಯಿಯದೇ ನಾಡಿಯೂ ಮಗುವಿನ ಬಡಿತದಂತೆ ಕೇಳುತ್ತವೆ. ನಿಜವಾಗಿ ಮಗುವಿನದೇ ಆದರೂ, ಬಡಿತ ಇದೆ ಎಂದರೆ ಮಗು ಸುಖವಾಗಿದೆ ಎಂದಲ್ಲ. ಸೊರಗುತ್ತಿರುವ ಮಗು ಎಷ್ಟೋ ಸಲ ಮೊದಲು ಮಿಸುಕಾಟ ಕಡಿಮೆ ಮಾಡುತ್ತದೆ, ಎದೆಬಡಿತ ಕೆಡುವುದು ಆಮೇಲೆ. ಮನೆಯಲ್ಲಿ ಸದ್ದು ಕೇಳಿ ಸಮಾಧಾನಪಟ್ಟುಕೊಂಡವರು ಆಸ್ಪತ್ರೆಗೆ ಹೋಗುವುದನ್ನು ನಾಳೆಗೆ ಹಾಕುತ್ತಾರೆ. ಬಡಿತ 140 ದಾಟಿದರೆ ಹೆಣ್ಣು, ಇಲ್ಲದಿದ್ದರೆ ಗಂಡು ಎಂಬ ಲೆಕ್ಕಾಚಾರಕ್ಕಂತೂ ತಲೆಬುಡವಿಲ್ಲ.

ಪಾವಗಡದ ಸೂಲಗಿತ್ತಿ ನರಸಮ್ಮ 2018ರಲ್ಲಿ ಪದ್ಮಶ್ರೀ ಪಡೆದವರು. ಹೊಟ್ಟೆ ಮುಟ್ಟಿಯೇ ಮಗುವಿನ ಸ್ಥಿತಿ ಹೇಳುತ್ತಿದ್ದರೆಂಬ ಹೆಸರು ಅವರಿಗಿತ್ತು. ಎಲ್ಲರಿಗೂ ಅಂಥ ಕೈ ಬರಲಾರದು, ಹೆರಿಗೆ ಮನೆಯಲ್ಲೇ ಆಗಬೇಕೆಂದೂ ನಾನು ಹೇಳುತ್ತಿಲ್ಲ. ಆದರೆ ಹೆರಿಗೆ ಕೋಣೆಗೆ ಇನ್ನೊಂದು ಯಂತ್ರ ಕೊಳ್ಳುವ ಮೊದಲು ಇನ್ನೊಬ್ಬ ನರ್ಸನ್ನು ನೇಮಿಸಿಕೊಳ್ಳುವುದು ಲೇಸು. ಏಕಕಾಲಕ್ಕೆ ಹಲವು ಬಾಣಂತಿ-ಬಸುರಿಯರನ್ನು ನೋಡಿಕೊಳ್ಳುವ ಒಬ್ಬಾಕೆಗೆ ಐದು ನಿಮಿಷಕ್ಕೊಮ್ಮೆ ಕಿವಿಗೊಡು ಎನ್ನುವುದು ಕಾಗದದ ಮೇಲಿನ ಮಾತಷ್ಟೇ.

ಬಸುರಿಯರಿಗೆ, ಅವರ ಮನೆಯವರಿಗೆ ಒಂದು ಮಾತು. ತಿಂಗಳು ತುಂಬುತ್ತ ಬಂದಂತೆ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ ಎಂದು ಹಿರಿಯರು ಹೇಳಿದರೆ ಒಪ್ಪಬೇಡಿ. ಮಿಸುಕುವ ರೀತಿ ಬದಲಾಗಬಹುದು, ಮಿಸುಕಾಟ ಕಡಿಮೆಯಾಗಕೂಡದು. ಏಳು ತಿಂಗಳಾದ ಮೇಲೆ ಎಂದಿನಷ್ಟು ಮಿಸುಕುತ್ತಿಲ್ಲ ಅನ್ನಿಸಿದರೆ ಸಿಹಿ ತಿಂದು ಕಾಯುತ್ತ ಕೂರಬೇಡಿ, ಬೆಳಗಾಗಲಿ ಎನ್ನಬೇಡಿ. ತಾಯಿ ಕಾರ್ಡ್ ಹಿಡಿದು ಆಗಲೇ ಆಸ್ಪತ್ರೆಗೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.