ನಿಮಗಿದು ಗೊತ್ತೆ? ತುಟಿಯ ಕೆಂಪಿನ ಹಿಂದೊಂದು ಹುಳು!

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ ಕಡೆಯ ಬಯಲಲ್ಲಿ ಪಾಪಾಸುಕಳ್ಳಿ ಕಂಡರೆ ಅದರ ಎಲೆಯಂಥ ದಪ್ಪ ಪಟ್ಟೆಗಳನ್ನು ಗಮನಿಸಿ. ಕೆಲವೊಮ್ಮೆ ಅವುಗಳ ಮೇಲೆ ಹತ್ತಿಯಂಥ ಬಿಳಿ ಉಂಡೆಗಳಿರುತ್ತವೆ. ಹಿಸುಕಿದರೆ ಬೆರಳು ರಕ್ತದಂತೆ ಕೆಂಪು! ಅದೇ ಕಾಚಿನೀಲ್ ಹುಳು.

● ಇದರ ಒಂದು ಜಾತಿಯ ಒಣಗಿದ ಹೆಣ್ಣು ಹುಳುಗಳಿಂದ ತೆಗೆಯುವ ಬಣ್ಣವೇ ಕಾರ್ಮೈನ್. ಲಿಪ್‌ಸ್ಟಿಕ್, ಮೊಸರಿನ ತಿನಿಸು, ಮಿಠಾಯಿ, ಪಾನೀಯಗಳಿಗೆ ಇದನ್ನು ಬೆರೆಸುತ್ತಾರೆ. ಪೊಟ್ಟಣದ ಮೇಲೆ ‘ಇ120’ ಎಂದಿದ್ದರೆ ಇದೇ.

● ಬಣ್ಣದ ಆಸೆಗೆ 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ಈ ಹುಳು ತರಿಸಲಾಯಿತು. ಬಂದದ್ದು ಬೇರೆ ಜಾತಿ, ಬಣ್ಣ ಕಳಪೆ. ಆದರೆ ಅದು ಒಂದು ಜಾತಿಯ ಕಳ್ಳಿಯ ರಸ ಹೀರಿ ಬಹುಪಾಲು ನಾಶಮಾಡಿತು! 1926ರಲ್ಲಿ ಇನ್ನೊಂದು ಜಾತಿಯ ಹುಳುವನ್ನು ಉಳಿದ ಕಳ್ಳಿಯ ಹಾವಳಿ ತಡೆಯಲೆಂದೇ ತರಲಾಯಿತು.

● ‘ನೈಸರ್ಗಿಕ’ ಎಂದರೆ ನಿರಪಾಯ ಎಂದಲ್ಲ. ಬಣ್ಣದಲ್ಲಿ ಉಳಿದ ಹುಳುವಿನ ಪ್ರೋಟೀನ್ ಕೆಲವರಿಗೆ ಒಗ್ಗದೆ ತುರಿಕೆ, ದದ್ದು, ಮುಖದ ಊತ, ಉಬ್ಬಸ ತರುತ್ತದೆ. ಅಪರೂಪಕ್ಕೆ ಪ್ರಾಣಕ್ಕೇ ಕುತ್ತು. ಅಮೆರಿಕದಲ್ಲಿ 2011ರಿಂದ ಕಾರ್ಮೈನ್ ಹೆಸರನ್ನು ಪೊಟ್ಟಣದ ಮೇಲೆ ನಮೂದಿಸುವುದು ಕಡ್ಡಾಯ.

● ಮನೆಯ ಕುಂಕುಮದ ಕತೆ ಬೇರೆ. ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಬೆರೆತಾಗ ಕೆಂಪಾಗುತ್ತದೆ. ಅಗ್ಗದ ಕುಂಕುಮದಲ್ಲಿ ರಾಸಾಯನಿಕ ಬಣ್ಣಗಳಿದ್ದರೆ ಹಣೆಯಲ್ಲಿ ನವೆ, ಕಪ್ಪು ಕಲೆ ಆಗಬಹುದು. ಅಪರೂಪಕ್ಕೆ ಅರಿಶಿನವೂ ಕೆಲವರಿಗೆ ಆಗಿಬರುವುದಿಲ್ಲ.

● ಹಣೆ, ತುಟಿ ತುರಿಸಿದರೆ ಆ ಬಣ್ಣ ಬಿಟ್ಟು ಚರ್ಮ ವೈದ್ಯರಿಗೆ ತೋರಿಸಿ. ಬೆನ್ನಿಗೆ ಪಟ್ಟಿ ಅಂಟಿಸುವ ‘ಪ್ಯಾಚ್ ಟೆಸ್ಟ್’ ಚರ್ಮಕ್ಕೆ ಒಗ್ಗದ್ದನ್ನು ಪತ್ತೆಹಚ್ಚುತ್ತದೆ. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.