ಒಂದೇ ಜಾತ್ರೆ, ಬೇರೆ ಬೇರೆ ಕಿವಿ

ಪಿರಿಯಾಪಟ್ಟಣ, ಹುಣಸೂರು ಕಡೆ ಹೊಗೆಸೊಪ್ಪು ಹದಮಾಡುವ ಕಾಲದಲ್ಲಿ, ಸೊಪ್ಪು ಒಣಗಿಸುವ ಬ್ಯಾರನ್ನಿನ ಘಾಟು ಹೊಸಬರ ಮೂಗಿಗೆ ಥಟ್ಟನೆ ಹೊಡೆಯುತ್ತದೆ. ಹಗಲುರಾತ್ರಿ ಅಲ್ಲೇ ಬೆಂಕಿ ನೋಡಿಕೊಳ್ಳುವವರಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ. ಅವರ ಮೂಗು ಕೆಟ್ಟಿಲ್ಲ. ಎಡೆಬಿಡದೆ ಬರುವ ವಾಸನೆಗೆ ಮೂಗಿನ ನರಕೋಶಗಳೂ ಮಿದುಳೂ ಒಗ್ಗಿಕೊಂಡಿವೆ. ಉಟ್ಟ ಬಟ್ಟೆ ಮೈಗೆ ತಾಗುತ್ತಿರುವುದನ್ನು ನಾವು ಮರೆತಿರುವುದೂ ಹೀಗೆಯೇ.

ಇಂದ್ರಿಯಗಳು ಐದು ಎಂದು ಶಾಲೆಯಲ್ಲಿ ಕಲಿತೆವು. ಆ ಪಟ್ಟಿಗೆ ಇನ್ನೂ ಮೂರು ಸೇರಬೇಕು. ಒಳಗಿವಿಯ ಮೂರು ಅರ್ಧವೃತ್ತ ನಾಳಗಳು ತಲೆ ತಿರುಗಿದ್ದನ್ನು ಗುರುತಿಸಿದರೆ, ಪಕ್ಕದ ಎರಡು ಪುಟ್ಟ ಚೀಲಗಳು ತಲೆ ವಾಲಿದ್ದನ್ನೂ ನೇರ ಚಲನೆಯನ್ನೂ ಗುರುತಿಸುತ್ತವೆ. ಕೈಕಾಲು ಎಲ್ಲಿವೆ ಎಂಬ ಸುದ್ದಿ ಸ್ನಾಯು ಮತ್ತು ಕೀಲುಗಳಿಂದ ಬರುತ್ತದೆ. ಕತ್ತಲಲ್ಲೂ ತುತ್ತು ಬಾಯಿಗೇ ಹೋಗುವುದು ಇದರಿಂದ. ಹಸಿವು, ದಾಹ, ಎದೆಬಡಿತವನ್ನು ಅರಿಯುವುದು ಮೂರನೆಯದು. ಸ್ಪರ್ಶಕ್ಕೂ ಕೈಕಾಲಿನ ಅರಿವಿಗೂ ಬೇಕಾದ ಪೀಜೋ2 ಎಂಬ ಪ್ರೋಟೀನನ್ನು ಪತ್ತೆಹಚ್ಚಿದ ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಹಂಚಿಕೊಂಡರು.

ಇಷ್ಟೂ ಸುದ್ದಿ ಒಟ್ಟಿಗೆ ನುಗ್ಗಿದರೆ ಮಿದುಳು ತಾಳದು. ನಾಲೆಯ ತೂಬಿನಂತೆ ಅದು ಬೇಕಾದಷ್ಟನ್ನೇ ಬಿಟ್ಟುಕೊಳ್ಳುತ್ತದೆ. ಆದರೆ ಆ ಅಳತೆ ಎಲ್ಲರಲ್ಲೂ ಒಂದೇ ಅಲ್ಲ. ಚುಂಚನಕಟ್ಟೆ ಜಾತ್ರೆಯ ತಮಟೆ, ಮೈಕಿನ ಸದ್ದಿಗೆ ಒಂದು ಮಗು ಕುಣಿದರೆ, ಇನ್ನೊಂದು ಕಿವಿ ಮುಚ್ಚಿಕೊಂಡು ಅಳುತ್ತದೆ. ಮತ್ತೊಂದು ಮಗುವಿಗೆ ಬರುವ ಸುದ್ದಿ ಸಾಲದು. ಅದು ಗಿರಗಿರನೆ ಸುತ್ತುತ್ತದೆ, ಗೋಡೆಗೆ ಮೈ ಒತ್ತುತ್ತದೆ. ಒಂದೇ ಮಗು ಸದ್ದಿಗೆ ಬೆದರಿ, ನೋವನ್ನು ಲೆಕ್ಕಿಸದೆ ಇರುವುದೂ ಉಂಟು.

ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ 1972ರಲ್ಲೇ ಈ ಕುರಿತು ಪುಸ್ತಕ ಬರೆದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇಂಥ ಅತಿ ಅಥವಾ ಅಲ್ಪ ಸ್ಪಂದನೆಯನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತು. ಹಾಗೆಂದು ಕಿವಿ ಮುಚ್ಚಿಕೊಳ್ಳುವ ಮಕ್ಕಳಿಗೆಲ್ಲ ಆಟಿಸಂ ಇದೆ ಎಂದಲ್ಲ.

ಕೂಗಿದರೂ ತಿರುಗಿ ನೋಡದ, ಮಾತು ತಡವಾದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ ಆಗಲೇಬೇಕು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನೂ ಅಂಗವೈಕಲ್ಯವೆಂದು ಗುರುತಿಸಿದೆ. ಮನೆಯವರು ಮಾಡಬಹುದಾದದ್ದೂ ಬಹಳಷ್ಟಿದೆ: ಜಾತ್ರೆಗೆ ಜನ ಸೇರುವ ಮೊದಲೇ ಹೋಗಿಬರುವುದು, ಚುಚ್ಚುವ ಬಟ್ಟೆ ಬಿಟ್ಟು ಮೆತ್ತನೆಯ ಹತ್ತಿ ಬಟ್ಟೆ ತೊಡಿಸುವುದು, ತರಗತಿಯಲ್ಲಿ ಗದ್ದಲದಿಂದ ದೂರ ಕೂರಿಸುವಂತೆ ಮೇಷ್ಟ್ರಿಗೆ ಹೇಳುವುದು. ಸಂಕಟಪಡುವ ಮಗುವಿಗೆ ಹಟಮಾರಿ ಎಂಬ ಹೆಸರು ಬೇಡ. ಗದರಿಕೆಯಿಂದ ಮಿದುಳು ಸುದ್ದಿ ಬಿಟ್ಟುಕೊಳ್ಳುವ ಅಳತೆ ಬದಲಾಗದು, ಆದರೆ ಸುತ್ತಲಿನ ಗದ್ದಲವನ್ನು ತಗ್ಗಿಸುವುದು ನಮ್ಮ ಕೈಯಲ್ಲಿದೆ.